ಮಸಿ ಹೋಗುವ ತನಕ

ಪರ್ವತಯ್ಯ ಆ ಮಾತು ಕೇಳಿದ್ದು ನಾನು ರಿವಾಲ್ವರಿಗೆ ಮದ್ದು ತುಂಬುತ್ತಿದ್ದ ಹೊತ್ತಿನಲ್ಲಿ. ಸೂರ್ಯಕಾಂತಿ ಕಾಳು ಕಟ್ಟುವ ಕಾಲ ಅದು. ಬೆಳಕು ಹರಿದರೆ ಸಾಕು, ಗಿಳಿಗಳು ಹಿಂಡು ಹಿಂಡಾಗಿ ಬಂದು ಹೊಲದ ಮೇಲೆ ಇಳಿಯುತ್ತಿದ್ದವು. ಬೀದಿಗೆ ಒಬ್ಬರಂತೆ ಸರದಿಯ ಮೇಲೆ ಹೋಗಿ, ಆಕಾಶಕ್ಕೆ ಆರು ಸಲ ಹಾರಿಸಿ ಅವುಗಳನ್ನು ಎಬ್ಬಿಸಿ ಬರುವುದು ನಮ್ಮೂರಿನ ರೂಢಿ. ಗುಂಡು ಹಾಕುವುದಿಲ್ಲ. ಕರಿಮದ್ದು ಸುರಿದು, ಅದರ ಮೇಲೆ ಬಟ್ಟೆಯ ಚೂರೊಂದನ್ನು ಬಿರಡೆಯ ಹಾಗೆ ಅದುಮಿದರೆ ಆಯಿತು. ಆ ಚೂರುಗಳು ಇಡೀ ಊರಿಗೆ ಹೋಗುತ್ತಿದ್ದದ್ದು ದರ್ಜಿ ಪರ್ವತಯ್ಯನವರ ಅಂಗಡಿಯಿಂದ. ಅವತ್ತು ನನ್ನ ಸರದಿ ಎಂದು ತಿಳಿದು, ಅವರೇ ಒಂದು ಸಣ್ಣ ಗಂಟು ಹಿಡಿದು ಹೊಲದ ಬದುವಿನ ತನಕ ನಡೆದು ಬಂದಿದ್ದರು. ಗಂಟು ಕೊಟ್ಟ ಮೇಲೂ ಹೋಗಲಿಲ್ಲ. ಕೊರಳಲ್ಲಿದ್ದ ಅಳತೆ ಟೇಪಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡುತ್ತ ನಿಂತರು.

"ಸಾವಂತ್ರಮ್ಮ, ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ," ಎಂದರು. "ನನ್ನ ಮನೇಲಿ ಯಾರೂ ಇಲ್ಲ ಅನ್ನೋದು ನಿಮಗೆ ಗೊತ್ತು. ನೀವು ನಮ್ಮನೆಗೆ ಬಂದುಬಿಡ್ತೀರಾ? ನಾಲ್ಕು ಜನರ ಮುಂದೆ ತಾಳಿ ಕಟ್ಟಿಯೇ ಕರ್ಕೊಂಡು ಹೋಗ್ತೀನಿ."

ನನಗೆ ಐವತ್ತು ದಾಟಿತ್ತು. ಗಂಡ ತೀರಿಕೊಂಡು ಎಷ್ಟೋ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಇದ್ದದ್ದು ನಾನು ಮತ್ತು ನಮ್ಮತ್ತೆ ಹನುಮಕ್ಕ, ಇಬ್ಬರೇ. ಇಂಥ ಮಾತು ಇನ್ನು ನನ್ನ ಕಿವಿಗೆ ಬೀಳುತ್ತದೆ ಎಂದು ನಾನು ಎಣಿಸಿಯೇ ಇರಲಿಲ್ಲ. ಕೇಳಿ ಸಿಟ್ಟು ಬರಲಿಲ್ಲ. ಎದೆಯೊಳಗೆ ಏನೋ ಬೆಚ್ಚಗೆ ಹರಿದ ಹಾಗಾಯಿತು, ಅದಕ್ಕೇ ಹೆದರಿಕೊಂಡೆ. ಅವರು ಉತ್ತರಕ್ಕೆ ಕಾಯುತ್ತಿದ್ದರು. ಆಚೆ ಬದುವಿನಲ್ಲಿ ಎದುರುಮನೆಯ ರುದ್ರಮ್ಮ ಹುಲ್ಲು ಕೊಯ್ಯುವುದನ್ನು ಬಿಟ್ಟು ಕತ್ತೆತ್ತಿ ನೋಡುತ್ತಿದ್ದಳು. ನಾನು ಕೈ ಮೇಲೆತ್ತಿ ರಿವಾಲ್ವರಿನ ಕುದುರೆ ಎಳೆದೆ. ಆರೂ ಸಲ, ಒಂದರ ಹಿಂದೆ ಒಂದು. ಗಿಳಿಗಳೆಲ್ಲ ಎದ್ದು ಆಕಾಶ ಹಸಿರಾಯಿತು. ಹೊಗೆ ಚದುರುವ ಹೊತ್ತಿಗೆ ನನ್ನ ದನಿ ಹೋಗಿತ್ತು.

ನಮ್ಮೂರಲ್ಲಿ ಹಾಗೆಯೇ. ಹಾರಿಸಿದವರ ದನಿ ಹೋಗುತ್ತದೆ, ರಿವಾಲ್ವರಿನ ಮಸಿ ಪೂರ್ತಿ ಹೋದ ಮೇಲೆ ಬರುತ್ತದೆ. ಹಾರಿಸಿದ ಕೈಯೇ ತೊಳೆಯಬೇಕು. ಪಕ್ಕದಲ್ಲಿ ಕೂತು ನೀರು ಹೊಯ್ದು ಕೊಟ್ಟರೆ, ಬಟ್ಟೆ ಹಿಂಡಿ ಕೊಟ್ಟರೆ ಅಡ್ಡಿಯಿಲ್ಲ. ಚೆನ್ನಾಗಿ ತೊಳೆಯದಿದ್ದರೆ ದನಿಯೂ ಹಾಗೆಯೇ ಬರುತ್ತದೆ. ರುದ್ರಮ್ಮನ ಗಂಡ ಒಮ್ಮೆ ಮೇಲೆ ಮೇಲೆ ಒರೆಸಿ ಗೂಟಕ್ಕೆ ತೂಗುಹಾಕಿ, ದಿನವಿಡೀ ಕಪ್ಪೆಯ ಹಾಗೆ ವಟಗುಟ್ಟಿಕೊಂಡು ತಿರುಗಿದ್ದ. ಶಾಲೆಯ ಮೇಷ್ಟ್ರು ಮದ್ದು ತುಂಬುವ ಆರು ಗೂಡುಗಳಲ್ಲಿ ಒಂದನ್ನು ತೊಳೆಯುವುದನ್ನು ಮರೆತಾಗ ಅವರಿಗೆ ಮಹಾಪ್ರಾಣಗಳು ಬರದೆ ಹೋದವಂತೆ. ಊರಿನ ಉಳಿದವರ ಬಾಯಲ್ಲಿ ಅವು ಮೊದಲೇ ಇಲ್ಲದ್ದರಿಂದ ಸಂಜೆಯ ತನಕ ಯಾರಿಗೂ ಗೊತ್ತಾಗಲಿಲ್ಲ. ದನಿ ಹೋದವರನ್ನು ಯಾರೂ ಏನನ್ನೂ ಕೇಳಬಾರದು. ಊಟಕ್ಕೆ ಕೂತವರನ್ನು ಎಬ್ಬಿಸುವುದು ಎಷ್ಟು ಅಸಭ್ಯವೋ ಅದೂ ಅಷ್ಟೇ ಅಸಭ್ಯ. ಅವರು ತಲೆಯಾಡಿಸಿದ್ದನ್ನು ಒಪ್ಪಿಗೆ ಎಂದು ಹಿಡಿಯುವಂತೆಯೂ ಇಲ್ಲ. ಗಂಡ ಹೆಂಡಿರ ಜಗಳ ವಿಪರೀತಕ್ಕೆ ಹೋದಾಗ ಇಬ್ಬರಲ್ಲೊಬ್ಬರು ಯಾರದಾದರೂ ಸರದಿಯನ್ನು ಕೇಳಿ ಪಡೆದು ಹೊಲಕ್ಕೆ ಹೋಗಿಬಿಡುವುದುಂಟು. ಮರಳಿ ಬಂದು ತೊಳೆಯುತ್ತ ಕೂತರೆ ಅಷ್ಟು ಹೊತ್ತಿಗೆ ಜಗಳದ ಕಾವೂ ಇಳಿದಿರುತ್ತದೆ.

ಪರ್ವತಯ್ಯ ಊರಿನ ಮರ್ಯಾದೆ ಮೀರುವವರಲ್ಲ. ನನ್ನ ದನಿ ಹೋಯಿತೆಂದು ಗೊತ್ತಾದ ಕೂಡಲೇ ಕೈಮುಗಿದು ಹೊರಟುಹೋದರು.

ಬೇರೆ ದಿನವಾಗಿದ್ದರೆ ನಾನು ಮನೆಗೆ ಬಂದವಳೇ ಒಲೆಯ ಮೇಲೆ ನೀರಿಡುತ್ತಿದ್ದೆ. ಆ ಕೆಲಸ ನನಗೆ ಇಷ್ಟ. ಗೂಡುಗಳು ಖಾಲಿಯಾಗಿವೆಯೇ ಎಂದು ಒಂದೊಂದಾಗಿ ನೋಡಿ, ನಡುವಿನ ಕಡ್ಡಿ ಎಳೆದು, ಆರು ಗೂಡುಗಳ ಚಕ್ರವನ್ನು ಬೇರೆ ಮಾಡಿ, ಮರದ ಹಿಡಿಗೆ ನೀರು ತಾಗದ ಹಾಗೆ ಬಟ್ಟೆ ಸುತ್ತಿಡುವುದು. ಅಂಟುವಾಳದ ಕಾಯಿ ಕಿವುಚಿದ ಬಿಸಿನೀರನ್ನು ನಳಿಗೆಯೊಳಗೆ ಹೊಯ್ದರೆ ಕರ್ರಗೆ, ಕೊಳೆತ ಮೊಟ್ಟೆಯ ವಾಸನೆ ಹೊಡೆಯುತ್ತ ಇಳಿಯುತ್ತದೆ. ಸಲಾಕೆಗೆ ಬಟ್ಟೆ ಸುತ್ತಿ ತೂರಿಸಿ, ಎಳೆದು, ಮತ್ತೆ ಹೊಸ ಚೂರು ಸುತ್ತಿ, ಬಟ್ಟೆ ಬಿಳಿಯಾಗಿ ಹೊರಬರುವ ತನಕ ಬಿಡಬಾರದು. ಚಕ್ರದ ಹಿಂದಿನ ಹಲ್ಲುಗಳಿಗೆ ತೆಂಗಿನ ಗರಿಯ ಕಡ್ಡಿ. ಬೂದಿ, ಮರಳು ಹಾಕಿ ತಿಕ್ಕಿದರೆ ಹಳೆಯ ಕಬ್ಬಿಣದ ಮೈಮೇಲಿರುವ ಆ ನೀಲಿ ಬಣ್ಣ ಎದ್ದುಹೋಗುತ್ತದೆ. ಒಲೆಯ ಪಕ್ಕ ಒಣಗಿಸಿ, ಮೈ ಇನ್ನೂ ಬೆಚ್ಚಗಿರುವಾಗಲೇ ಎಣ್ಣೆ ಸವರಬೇಕು, ಅದೂ ಹೊಳೆಯುವಷ್ಟೇ ಹೊರತು ತೊಟ್ಟಿಕ್ಕುವಷ್ಟಲ್ಲ. ಕೊನೆಯ ಬೆರಳು ಸವರುತ್ತಿರುವಾಗಲೇ ಗಂಟಲಲ್ಲಿ ಸಣ್ಣಗೆ ಕಚಗುಳಿಯಾಗಿ ದನಿ ಬಂದು ಕೂರುತ್ತದೆ.

ಅವತ್ತು ನಾನು ರಿವಾಲ್ವರನ್ನು ಮಸಿಯ ಸಮೇತ ಗೋಡೆಯ ಗೂಡಿನಲ್ಲಿಟ್ಟು ಅಕ್ಕಿ ಆರಿಸಲು ಕೂತೆ. ದನಿ ಬಂದರೆ ಉತ್ತರ ಹೇಳಬೇಕಾಗುತ್ತದೆ. ಬರುತ್ತೇನೆ ಎಂದರೆ ನಮ್ಮತ್ತೆಯನ್ನು ಬಿಟ್ಟು ಹೋಗಬೇಕು. ಬರುವುದಿಲ್ಲ ಎನ್ನಲು ಬಾಯಿ ಬರುವಂತಿರಲಿಲ್ಲ. ಯಾಕೆಂದರೆ ಪರ್ವತಯ್ಯನವರು ನನ್ನ ಕಣ್ಣಿಗೆ ಬಿದ್ದದ್ದು ಅವತ್ತೇ ಅಲ್ಲ. ನಾನು ಮೊದಲ ಸಲ ಸರದಿಗೆ ಹೋಗಿ ಬಂದ ವರ್ಷ ಅವರಲ್ಲಿ ರವಿಕೆ ಹೊಲಿಯಲು ಕೊಟ್ಟಿದ್ದೆ. ಹಾಕಿಕೊಂಡು ನೋಡಿದರೆ ಬಲಗೈಯ ಕಂಕುಳ ಹತ್ತಿರ ಒಂದು ಬೆರಳಷ್ಟು ಸಡಿಲ. ಹೋಗಿ ಕೇಳಿದ್ದಕ್ಕೆ, ಕೈ ಮೇಲೆತ್ತಿ ಹಾರಿಸುವಾಗ ಹಿಡಿಯಬಾರದಲ್ಲ ಎಂದು ತಲೆ ತಗ್ಗಿಸಿಕೊಂಡೇ ಹೇಳಿದ್ದರು. ಅಂದಿನಿಂದ ನನ್ನ ರವಿಕೆಗಳೆಲ್ಲ ಹಾಗೆಯೇ.

ನಾನು ಸುಮ್ಮನಿದ್ದುಬಿಟ್ಟರೆ ಯಾರಿಗೂ ತೊಂದರೆಯಿಲ್ಲ ಎಂದುಕೊಂಡಿದ್ದೆ. ಅತ್ತೆಯ ಕಣ್ಣಿನ ವಿಷಯ ನನಗೆ ಹೊಳೆಯಲೇ ಇಲ್ಲ. ಅವರಿಗೆ ಬೆಳಕು ಕತ್ತಲೆ ಬಿಟ್ಟರೆ ಹೆಚ್ಚೇನೂ ಕಾಣುತ್ತಿರಲಿಲ್ಲ. ನಾನು ಮನೆಯಲ್ಲಿ ಓಡಾಡುವಾಗ ಏನಾದರೊಂದು ಮಾತಾಡುತ್ತಲೇ ಇರುತ್ತಿದ್ದೆ. ಹಾಲು ಉಕ್ಕಿತು, ಬೆಕ್ಕು ಬಂತು, ಬಿಸಿಲು ಜಗಲಿಗೆ ಏರಿತು, ಇಂಥವೇ. ಅತ್ತೆ ಆ ಮಾತನ್ನು ಹಿಡಿದುಕೊಂಡೇ ಮನೆಯೊಳಗೆ ನಡೆದಾಡುತ್ತಿದ್ದರು. ಸರದಿಯ ದಿನಗಳಲ್ಲಿ ದನಿ ಹೋದರೂ ಅಡುಗೆಯಾಗುವಷ್ಟರಲ್ಲಿ ಬಂದುಬಿಡುತ್ತಿತ್ತು. ಅಲ್ಲಿಯ ತನಕ ಅವರು ಮಂಚದ ಮೇಲೆ ಕೂತಿರುತ್ತಿದ್ದರು.

ಈ ಸಲ ಅವರು ಕೂತೇ ಇದ್ದರು. ಮಧ್ಯಾಹ್ನ ಊಟದ ತಟ್ಟೆಯನ್ನು ನಾನು ಅವರ ಕೈಗೆ ತಾಗಿಸಿದಾಗ ಬೆಚ್ಚಿದರು. ಮರುದಿನ ನೀರು ಕುಡಿಯಲೆಂದು ಎದ್ದವರು ಬಿಂದಿಗೆಗೆ ಮೊಳಕಾಲು ಬಡಿಸಿಕೊಂಡರು. ನಾನು ಓಡಿ ಹೋಗಿ ಹಿಡಿದೆ. ಅವರು ನನ್ನ ಕೈ ಮುಟ್ಟಿ ನೋಡಿ, ನೀನಾ, ಎಂದರು, ಅಷ್ಟೇ. ಸಂಜೆ ರುದ್ರಮ್ಮ ಬಂದು ಅವರ ಪಕ್ಕ ಕೂತು ಬಹಳ ಹೊತ್ತು ಪಿಸುಗುಟ್ಟಿದಳು. ಹೊಲದ ಬದುವಿನಲ್ಲಿ ಕೇಳಿದ ಮಾತನ್ನೆಲ್ಲ ಒಪ್ಪಿಸಿ ಹೋದಳೆಂದು ಅಡುಗೆಮನೆಯಲ್ಲಿದ್ದ ನನಗೆ ತಿಳಿಯಿತು. ಅತ್ತೆ ರಾಗಿಗಂಜಿ ಕುಡಿದು ಗೋಡೆಯ ಕಡೆ ಮುಖ ಮಾಡಿ ಮಲಗಿದರು. ನಾನು ಗೂಡಿನಲ್ಲಿದ್ದ ರಿವಾಲ್ವರ್ ತೆಗೆದು ನೋಡಿದೆ. ನಳಿಗೆಯ ಬಾಯಿಯ ಸುತ್ತ ಕೆಂಪು ಪುಡಿ ಎದ್ದಿತ್ತು. ಮದ್ದಿನ ಮಸಿ ಗಾಳಿಯ ತೇವ ಹೀರಿ ಕಬ್ಬಿಣವನ್ನು ತಿನ್ನುತ್ತದೆ. ಅದು ನನಗೆ ಗೊತ್ತಿತ್ತು. ಆದರೂ ವಾಪಸ್ ಇಟ್ಟೆ.

ಅದರ ಮಾರನೆಯ ಬೆಳಿಗ್ಗೆ ಅತ್ತೆ ತಾವೇ ಎದ್ದು, ಗೋಡೆ ಹಿಡಿದುಕೊಂಡು ಬಂದು, ಗೂಡಿಗೆ ಕೈ ಹಾಕಿದರು. ರಿವಾಲ್ವರನ್ನು ಹೊರಗೆ ತೆಗೆದು ಮಡಿಲಲ್ಲಿಟ್ಟುಕೊಂಡು ಕೂತರು. ಬೆರಳ ತುದಿಯಿಂದ ನಳಿಗೆಯ ಬಾಯಿ ಸವರಿದರು, ಚಕ್ರ ತಿರುಗಿಸಲು ನೋಡಿದರು. ಅದು ಅಲುಗಲಿಲ್ಲ. ನಡುವಿನ ಕಡ್ಡಿಯೂ ಹಿಡಿದುಕೊಂಡಿತ್ತು. ಬೆರಳನ್ನು ಮೂಗಿನ ಹತ್ತಿರ ತಂದು ಮೂಸಿದರು.

"ಕೇಳ್ಬಾರದು ಅಂತ ಸುಮ್ನಿದ್ದೆ," ಎಂದರು ನಾನಿದ್ದ ಕಡೆಗಲ್ಲ, ಬಾಗಿಲಿನ ಬೆಳಕಿನ ಕಡೆಗೆ. "ಈಗಲೂ ಕೇಳಲ್ಲ. ಹೇಳ್ತೀನಿ. ಇದು ನಮ್ಮ ಮಾವನ ಕೈಯಲ್ಲಿತ್ತು, ನನ್ನ ಗಂಡನ ಕೈಯಲ್ಲಿತ್ತು, ನನ್ನ ಮಗನ ಕೈಯಲ್ಲಿತ್ತು. ಅವರೆಲ್ಲರಿಗಿಂತ ಚೆನ್ನಾಗಿ ಇಟ್ಕೊಂಡವಳು ನೀನು. ನೀನೇ ಹೀಗೆ ಬಿಟ್ಟಿದೀಯ ಅಂದ್ರೆ ಒಳಗೆ ಎಷ್ಟು ಕಷ್ಟ ಆಗಿರ್ಬೇಕು."

ನನ್ನ ಕಣ್ಣು ತುಂಬಿತು. ಹೋಗಿ ಅವರ ಕಾಲ ಬಳಿ ಕೂತೆ. ಅವರು ನನ್ನ ತಲೆ ಸವರಲಿಲ್ಲ, ಅಂಥದ್ದು ಅವರ ಅಭ್ಯಾಸವಲ್ಲ. ಕಡ್ಡಿ ಬಿಡಬೇಕಾದರೆ ಎಣ್ಣೆ ಬಿಟ್ಟು ನೆನೆಹಾಕಬೇಕು, ಮನೆಯಲ್ಲಿ ಎಣ್ಣೆ ಉಂಟೇ ಎಂದು ತಮಗೆ ತಾವೇ ಹೇಳಿಕೊಂಡರು. ಕೊಬ್ಬರಿಎಣ್ಣೆ ಹೆಪ್ಪುಗಟ್ಟುತ್ತದೆ, ಕಡಲೆಕಾಯಿಎಣ್ಣೆ ಅಂಟಾಗುತ್ತದೆ. ಹೊಲಿಗೆ ಮಿಷಿನ್ನಿಗೆ ಹಾಕುವ ತೆಳ್ಳನೆಯ ಎಣ್ಣೆಯೇ ಆಗಬೇಕು. ನಮ್ಮ ಬುಡ್ಡಿ ಖಾಲಿಯಾಗಿತ್ತು. ಅತ್ತೆ ಮೂಲೆಯಲ್ಲಿದ್ದ ಕೋಲನ್ನು ತಡಕಿ ತೆಗೆದುಕೊಂಡು, ಸೆರಗು ಹೊದ್ದು, ಹೊಸಿಲು ದಾಟಿದರು. ಅವರು ಬೀದಿಗಿಳಿದು ಎರಡು ಮಳೆಗಾಲವೇ ಕಳೆದಿತ್ತು.

ನಾನು ಹಿಂದೆಯೇ ಹೊರಟೆ. ಹಿಡಿದುಕೊಳ್ಳಲು ಹೋದರೆ ಕೋಲು ಆಡಿಸಿ ದೂರ ಸರಿಸಿದರು. ಒಂದೊಂದು ಮನೆಯ ಜಗಲಿಯನ್ನೂ ಕೋಲಿನಿಂದ ತಟ್ಟಿ ಗುರುತು ಹಿಡಿಯುತ್ತ ನಡೆದರು. ಬೀದಿಯ ತಿರುವಿನಲ್ಲಿ ಮಿಷಿನ್ನಿನ ಸದ್ದು ಕೇಳಿದ ಮೇಲೆ ಅವರ ನಡಿಗೆ ಚುರುಕಾಯಿತು.

ಅಂಗಡಿಯ ಮುಂದೆ ಅವರು ನಿಂತಾಗ ಮಿಷಿನ್ನು ನಿಂತಿತು. ಪರ್ವತಯ್ಯ ಎದ್ದು ಬಂದು ಅವರ ಕೈ ಹಿಡಿದು ಮೆಟ್ಟಿಲು ಹತ್ತಿಸಿ ಸ್ಟೂಲಿನ ಮೇಲೆ ಕೂರಿಸಿದರು. ನಾನು ಬೀದಿಯಲ್ಲೇ ಉಳಿದೆ. ಪರ್ವತಯ್ಯ ನನ್ನನ್ನು ಒಮ್ಮೆ ನೋಡಿ, ನನ್ನ ಕೈಬೆರಳಲ್ಲಿ ಇನ್ನೂ ಉಳಿದಿದ್ದ ಮಸಿ ನೋಡಿ, ಕಣ್ಣು ತಗ್ಗಿಸಿದರು. ಅತ್ತೆ ಎಣ್ಣೆ ಕೇಳಿದರು. ಅವರು ಮಿಷಿನ್ನಿನ ಡ್ರಾಯರಿನಿಂದ ಎಣ್ಣೆಬುಡ್ಡಿ ತೆಗೆದು ಅತ್ತೆಯ ಅಂಗೈಯಲ್ಲಿಟ್ಟರು. ಅತ್ತೆ ಅದನ್ನು ಮುಚ್ಚಿ ಹಿಡಿದುಕೊಂಡು ಏಳದೆ ಕೂತರು.

"ನಮ್ಮ ಸಾವಂತ್ರೀನ ನೀನೇನೋ ಕೇಳ್ದೆಯಂತೆ."

"ಕೇಳ್ದೆ ಅಮ್ಮ," ಎಂದರು ಪರ್ವತಯ್ಯ. ಮುಚ್ಚಿಡಲು ನೋಡಲಿಲ್ಲ.

"ಏನಂತ ಕೇಳ್ದೆ? ರುದ್ರಿ ಹೇಳಿದ್ದು ಬೇಡ, ನೀನೇ ಹೇಳು."

"ನಮ್ಮನೆಗೆ ಬರ್ತೀರಾ ಅಂತ ಕೇಳ್ದೆ."

ಅತ್ತೆ ತಲೆಯಾಡಿಸಿದರು. "ಅಲ್ಲೇ ನೋಡು ನೀನು ಎಡವಿದ್ದು. ನಿಮ್ಮನೇಲಿ ಯಾರಿದಾರೆ? ಗೋಡೆ. ನಮ್ಮನೇಲಿ ನಾನಿದೀನಿ. ನಾನೇ ನಿಮ್ಮನೆಗೆ ಬರಲಾ ಅಂತ ಅವಳನ್ನ ಯಾಕೆ ಕೇಳಲಿಲ್ಲ?"

ಗಂಡಸಾದವನು ಹಾಗೆ ಕೇಳಬಹುದು ಎಂಬುದು ಪರ್ವತಯ್ಯನವರ ತಲೆಗೇ ಬಂದಿರಲಿಲ್ಲವೆಂದು ಮುಖ ನೋಡಿದರೆ ಗೊತ್ತಾಗುತ್ತಿತ್ತು. ನನ್ನ ತಲೆಗೂ ಬಂದಿರಲಿಲ್ಲ.

"ಇನ್ನೊಂದು ಮಾತು ಕೇಳು," ಎಂದರು ಅತ್ತೆ. "ನಾನು ಅವಳ ಪರವಾಗಿ ಏನೂ ಒಪ್ಕೊಳ್ಳೋಕೆ ಬಂದಿಲ್ಲ. ಎಣ್ಣೆಗೆ ಬಂದೆ. ಅವಳಿಗೆ ನೀನು ಬೇಡ ಅನ್ನಿಸಿದ್ರೆ ಬೇಡ ಅಂತಾಳೆ, ಅದು ನಿನ್ನ ಹಣೇಬರಹ. ಆದ್ರೆ ಈ ಮುದುಕಿ ಒಬ್ಬಳಿದಾಳಲ್ಲ ಅಂತ ಬೇಡ ಅಂದ್ರೆ, ಆ ಪಾಪ ನನಗೆ ಬೇಡ."

ಪರ್ವತಯ್ಯ ತಿರುಗಿ ಮಿಷಿನ್ನನ್ನು ನೋಡಿ, ತಾನು ಬರುವುದಕ್ಕೆ ಅಡ್ಡಿಯೇನಿಲ್ಲ, ಆದರೆ ಮಿಷಿನ್ನು ದೊಡ್ಡದು, ಅದರ ಸದ್ದು ದಿನವಿಡೀ ಇರುತ್ತದೆ, ವಯಸ್ಸಾದವರಿಗೆ ಕಿರಿಕಿರಿಯಾಗುತ್ತದೆ ಎಂದರು. ಅತ್ತೆ ನಕ್ಕರು. ಕಣ್ಣು ಕಾಣದವಳಿಗೆ ಸದ್ದು ಕಿರಿಕಿರಿಯಲ್ಲ, ಸದ್ದಿಲ್ಲದ ಮನೆಯಲ್ಲಿ ಈ ಎರಡು ದಿನ ಇದ್ದು ನೋಡಿದ್ದೇನೆ ಎಂದರು.

ಬೀದಿಯಲ್ಲಿ ನಿಂತು ಇದನ್ನೆಲ್ಲ ಕೇಳುತ್ತಿದ್ದ ನನಗೆ ನಾಚಿಕೆಯಾಯಿತು. ಅದರ ಜೊತೆಗೇ ಸಿಟ್ಟೂ ಬಂತು. ನನ್ನ ಬದುಕಿನ ಮಾತನ್ನು ಇವರಿಬ್ಬರು ಎಣ್ಣೆಬುಡ್ಡಿಯ ಮೇಲೆ ಆಡಿ ಮುಗಿಸುತ್ತಿದ್ದಾರೆ, ನಾನು ಬಾಯಿಲ್ಲದ ಕಂಬದ ಹಾಗೆ ನಿಂತಿದ್ದೇನೆ. ಬಾಯಿ ಕಟ್ಟಿಕೊಂಡವಳು ನಾನೇ ಎಂಬುದು ನೆನಪಾಗಿ ಆ ಸಿಟ್ಟಿಗೆ ನೆಲೆಯಿಲ್ಲದಂತಾಯಿತು. ಅಷ್ಟರಲ್ಲಿ ಅತ್ತೆ ಎದ್ದು ಮೆಟ್ಟಿಲ ತುದಿಗೆ ಬಂದು ಕೈ ಚಾಚಿದರು.

"ಹಿಡ್ಕೊ, ಸಾವಂತ್ರಿ. ಬೀದಿಯುದ್ದಕ್ಕೂ ನಿನ್ನ ಮಸಿ ವಾಸನೆ ನನ್ನ ಹಿಂದೇನೇ ಬರ್ತಿತ್ತು."

ಮನೆಗೆ ಬಂದು ಒಲೆಯ ಮುಂದೆ ಎದುರುಬದುರಾಗಿ ಕೂತೆವು. ಕಡ್ಡಿಯ ಸಂದಿಗೆ ಎಣ್ಣೆ ಬಿಟ್ಟು, ಅನ್ನ ಬೇಯುವ ತನಕ ಬಿಟ್ಟು, ನಾನು ಎಳೆದೆ. ಬರಲಿಲ್ಲ. ಅತ್ತೆ ಇನ್ನೊಂದು ತೊಟ್ಟು ಬಿಡಲು ಹೇಳಿ, ಬಲವಂತ ಮಾಡಬೇಡ, ಹಳೆಯ ಜೀವ, ತಾನಾಗಿ ಬರುತ್ತದೆ ಎಂದರು. ಇನ್ನೂ ಸ್ವಲ್ಪ ಹೊತ್ತು ಕಾದು, ಬಟ್ಟೆಯಲ್ಲಿ ಹಿಡಿದು ಮೆಲ್ಲಗೆ ತಿರುಗಿಸಿದಾಗ ಕಿರ್ರೆಂದು ಸಡಿಲವಾಗಿ ಕೈಗೆ ಬಂತು. ಆಮೇಲೆ ಬಿಸಿನೀರು. ಅತ್ತೆ ಚೆಂಬಿನಿಂದ ಹೊಯ್ಯುತ್ತಿದ್ದರು, ನಾನು ಸಲಾಕೆ ಎಳೆಯುತ್ತಿದ್ದೆ. ಮೊದಲ ನೀರು ಕಪ್ಪಗಿರಲಿಲ್ಲ, ಕೆಂಪಗಿತ್ತು. ತುಕ್ಕು. ಬಟ್ಟೆಯ ಚೂರುಗಳು ಒಂದಾದ ಮೇಲೊಂದು ಮುಗಿಯುತ್ತ ಹೋದವು. ಒಂದೊಂದು ಗೂಡು ತೊಳೆದಾಗಲೂ ಚಕ್ರವನ್ನು ಅತ್ತೆಯ ಕೈಗೆ ಕೊಡುತ್ತಿದ್ದೆ. ಅವರು ಕಿರುಬೆರಳು ಒಳಗಿಟ್ಟು ತಿರುಗಿಸಿ, ಇನ್ನೂ ಇದೆ, ಎಂದು ವಾಪಸ್ ಕೊಡುತ್ತಿದ್ದರು. ನನ್ನ ಕಣ್ಣಿಗೆ ಚೊಕ್ಕಟವಾಗಿದ್ದದ್ದು ಅವರ ಬೆರಳಿಗೆ ಆಗಿರುತ್ತಿರಲಿಲ್ಲ. ಹೀಗೆ ಕೊಡುತ್ತ ತೆಗೆದುಕೊಳ್ಳುತ್ತ ಕೂತಿದ್ದಾಗ, ನಾನು ಈ ಮನೆಗೆ ಬಂದ ಮೇಲೆ ನಾವಿಬ್ಬರೂ ಒಂದೇ ಕೆಲಸಕ್ಕೆ ಇಷ್ಟು ಹೊತ್ತು ಎದುರುಬದುರು ಕೂತದ್ದೇ ಇಲ್ಲ ಎನ್ನಿಸಿತು. ಅವರಿಗೂ ಹಾಗೆ ಅನ್ನಿಸಿರಬೇಕು, ಚೆಂಬಿನ ನೀರು ಆರಿದರೂ ಮತ್ತೆ ಕಾಯಿಸಲು ಅವಸರ ಮಾಡಲಿಲ್ಲ.

ಒಣಗಿಸಿ ಎಣ್ಣೆ ಸವರುವಾಗ ನೋಡಿದೆ. ನಳಿಗೆಯ ಬಾಯಿಯ ಹತ್ತಿರ ಎಳ್ಳುಕಾಳಿನಷ್ಟು ಸಣ್ಣ ಗುಳಿಗಳು ಬಿದ್ದಿದ್ದವು. ಅವು ಇನ್ನು ಹೋಗುವುದಿಲ್ಲ. ಅತ್ತೆಯ ಬೆರಳು ಅಲ್ಲಿಗೂ ಹೋಯಿತು, ಒಂದು ಗಳಿಗೆ ನಿಂತಿತು. ಇರಲಿ ಬಿಡು, ಹಾರಿಸೋಕೇನೂ ತೊಂದರೆಯಿಲ್ಲ ಎಂದರು. ನಾನು ಮರದ ಹಿಡಿಗೆ ಕೊನೆಯ ಸಲ ಒಣಬಟ್ಟೆ ಎಳೆದೆ. ಗಂಟಲಲ್ಲಿ ಕಚಗುಳಿಯಾಯಿತು. ಅತ್ತೆ ನೆಲದ ಮೇಲೆ ಚೆಂಬನ್ನು ಹುಡುಕುತ್ತ ಕೈಯಾಡಿಸುತ್ತಿದ್ದರು.

"ಎಡಗಡೆ ಇದೆ ಅತ್ತೆ, ಮೊಳಕಾಲ ಹತ್ರ," ಎಂದೆ.

ಅವರ ಕೈ ನಿಂತಿತು. ಚೆಂಬನ್ನು ಎತ್ತಿಕೊಳ್ಳಲಿಲ್ಲ. ಅವರ ಮುಖ ಅಷ್ಟು ಸಡಿಲವಾದದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಆಮೇಲೆ ನಾನು, ಪರ್ವತಯ್ಯನವರ ಹತ್ತಿರ ನನ್ನ ಮಾತನ್ನು ನಾನೇ ಆಡುತ್ತೇನೆ, ನೀವು ಇನ್ನು ಕೋಲು ಹಿಡಿದು ಹೊರಡಬೇಡಿ ಎಂದೆ.

"ಆಡು," ಎಂದರು. "ಅದಕ್ಕೇ ಅಲ್ವಾ ಇಷ್ಟು ಹೊತ್ತು ತೊಳ್ದಿದ್ದು."

ಸಂಜೆ ಬಿಸಿಲು ಇಳಿದ ಮೇಲೆ ಮುಖ ತೊಳೆದು, ಸೀರೆ ಬದಲಿಸಿ ಹೋದೆ. ದಾರಿಯಲ್ಲಿ ರುದ್ರಮ್ಮ ಸಿಕ್ಕಿ ದನಿ ಬಂತಾ ಎಂದಳು. ಬಂತು ಎಂದೆ. ಇನ್ನೂ ಏನೋ ಕೇಳುವವಳಿದ್ದಳು, ನಾನು ನಿಲ್ಲಲಿಲ್ಲ. ಪರ್ವತಯ್ಯ ಕಾಜಾ ಹಾಕುತ್ತ ಕೂತಿದ್ದರು. ನನ್ನನ್ನು ನೋಡಿ ಸೂಜಿಯನ್ನು ಅಂಗಿಯ ಎದೆಗೆ ಚುಚ್ಚಿಕೊಂಡು ಎದ್ದು ನಿಂತರು. ದಾರಿಯುದ್ದಕ್ಕೂ ನಾನು ಮಾತು ಜೋಡಿಸಿಕೊಂಡು ಬಂದಿದ್ದೆ. ನನಗೆ ಮನಸ್ಸಿದೆ ಎಂದು, ಸರದಿಗೆ ಹೋಗುವುದನ್ನು ಬಿಡುವುದಿಲ್ಲ ಎಂದು, ರಿವಾಲ್ವರ್ ನನ್ನದಾಗಿಯೇ ಇರಬೇಕು ಎಂದು. ಅವರೆದುರು ನಿಂತಾಗ ಅದರಲ್ಲಿ ಒಂದೂ ನೆನಪಾಗಲಿಲ್ಲ.

"ನಮ್ಮ ಜಗಲಿ ಅಷ್ಟು ದೊಡ್ಡದಲ್ಲ," ಎಂದೆ. "ಮಿಷಿನ್ನು ಹಿಡಿಯುತ್ತೋ ಇಲ್ವೋ, ಬಂದು ಅಳತೆ ತಗೊಳ್ಳಿ."

ಪರ್ವತಯ್ಯ ಅಂಗಡಿಯ ಬಾಗಿಲು ಎಳೆಯುವುದನ್ನೂ ಮರೆತು ನನ್ನ ಜೊತೆ ಹೊರಟರು. ಬೀದಿಯಲ್ಲಿ ಜನ ನೋಡುತ್ತಿದ್ದರು. ಇಬ್ಬರಿಗೂ ದನಿಯಿದ್ದದ್ದರಿಂದ ಯಾರು ಬೇಕಾದರೂ ಏನು ಬೇಕಾದರೂ ಕೇಳಬಹುದಿತ್ತು, ಯಾರೂ ಕೇಳಲಿಲ್ಲ. ಸರದಿಯ ವಿಷಯ, ರಿವಾಲ್ವರಿನ ವಿಷಯ ಎಲ್ಲವನ್ನೂ ನಡೆಯುತ್ತ ಹೇಳಿದೆ. ಅವರು ಎಲ್ಲದಕ್ಕೂ ಆಗಲಿ ಎನ್ನಲಿಲ್ಲ. ಬೆಳಿಗ್ಗೆ ಬೇಗ ಎಬ್ಬಿಸಬೇಡಿ, ತಾನು ತಡವಾಗಿ ಏಳುವವನು ಎಂದರು. ನನಗೆ ನಗು ಬಂತು.

ಜಗಲಿಯ ಮೇಲೆ ಅತ್ತೆಯ ಮಂಚ ಗೋಡೆಗೆ ಸೇರಿತ್ತು, ಅವರು ಅದರ ಮೇಲೆ ಕೂತಿದ್ದರು. ಪರ್ವತಯ್ಯ ಕೊರಳಿನಿಂದ ಟೇಪು ತೆಗೆದು, ಅದರ ಒಂದು ತುದಿಯನ್ನು ನನ್ನ ಕೈಗೆ ಕೊಟ್ಟು, ಇನ್ನೊಂದನ್ನು ಕಂಬದ ತನಕ ಎಳೆದರು. ಮಿಷಿನ್ನಿಗೆ ಒಂದು ಗೇಣು ಜಾಗ ಕಮ್ಮಿ ಬಂತು. ಇನ್ನೊಂದು ಸಲ ಎಳೆದರೂ ಅಷ್ಟೇ. ಅತ್ತೆ ತಮ್ಮ ಮಂಚವನ್ನು ಒಳಗೆ ಹಾಕಿಬಿಡಿ ಎಂದರು. ನಾನು ಆಗುವುದಿಲ್ಲ ಎಂದೆ. ಪರ್ವತಯ್ಯ ಮೊಳಕಾಲೂರಿ ಕೂತು, ಅಡ್ಡವಾಗಿ ಅಳೆದು, ಎದ್ದು ಮಿಷಿನ್ನಿನ ಮುಂದೆ ಕೂತವರ ಹಾಗೆ ಒಮ್ಮೆ ಕೂತು ನೋಡಿದರು.

"ಅಡ್ಡ ಇಟ್ರೆ ಹಿಡಿಯುತ್ತೆ," ಎಂದರು. "ಬೀದಿ ಕಡೆ ಬೆನ್ನು ಹಾಕಿ, ಮನೆ ಕಡೆ ಮುಖ ಮಾಡ್ಕೊಂಡು ಹೊಲಿಬೇಕಾಗುತ್ತೆ ಅಷ್ಟೆ."

"ಗಿರಾಕಿಗಳು ಬಂದ್ರೆ ನಿಮಗೆ ಹೇಗೆ ಗೊತ್ತಾಗುತ್ತೆ?" ಎಂದು ನಾನು ಕೇಳಿದೆ.

"ಕೂಗ್ತಾರೆ," ಎಂದರು ಪರ್ವತಯ್ಯ, ಟೇಪನ್ನು ಸುತ್ತಿ ನನ್ನ ಕೈಗೇ ಕೊಡುತ್ತ.